ಡಾ. ಸಲೀಂ ಅಲಿ ಮತ್ತು ಕಾಣೆಯಾಗಿದ್ದ ಹಕ್ಕಿ



ದೊಡ್ಡವರೊಬ್ಬರ ಜೀವನವನ್ನು ಬರೆಯಲು ಹೊರಟಿರುವ ನಾನು ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಅದನ್ನು ಮುಚ್ಚಿಟ್ಟು ಈ ಲೇಖನ ಬರೆದರೆ ಅರ್ಧ ಸುಳ್ಳು ಬರೆದಂತಾಗುತ್ತದೆ.

ಏಳನೇ ತರಗತಿ ಮುಗಿದ ಬೇಸಿಗೆ ರಜೆ. ಬಂಗಾರಪೇಟೆ ಕಡೆಯ ಹಳ್ಳಿಯಲ್ಲಿರುವ ನಾನಿಯ ಮನೆಗೆ ಹೋಗಿದ್ದೆ. ನನ್ನ ಚಿಕ್ಕ ಮಾಮು ಕ್ಯಾಟರ್‌ಬಿಲ್ಲಿನಲ್ಲಿ ಒಳ್ಳೆಯ ಗುರಿಕಾರ. ಊರ ಹಿಂದಿನ ಗೋಮಾಳದ ಕುರುಚಲು ಗುಡ್ಡಕ್ಕೆ ಕೌಜುಗ ಹೊಡೆಯಲು ಹೋಗುವಾಗ ನನ್ನನ್ನೂ ಕರೆದೊಯ್ದರು. ಮಗ್ರಿಬ್ ಅಜಾನ್‌ಗೆ ಇನ್ನು ಸ್ವಲ್ಪವೇ ಹೊತ್ತು ಉಳಿದಿತ್ತು. ಒಂದು ಹಕ್ಕಿ ಹಾರದೆ, ಒಂದು ಪೊದೆಯಿಂದ ಇನ್ನೊಂದು ಪೊದೆಗೆ ತಲೆ ತಗ್ಗಿಸಿ ಓಡಿತು. ನಾನು ಹೊಡೆದ ಕಲ್ಲು ಅದಕ್ಕೆ ತಗುಲಿತು. ಇನ್ನೂ ಜೀವ ಇದ್ದಾಗಲೇ ಮಾಮು ಬಿಸ್ಮಿಲ್ಲಾ ಹೇಳಿ ಜಿಬಹ್ ಮಾಡಿದರು. ರಾತ್ರಿ ಅದು ಸಾಲನ್ ಆಯಿತು. ಎಲ್ಲರೂ ನನ್ನ ಗುರಿಯನ್ನು ಹೊಗಳಿದರು. ನಾನು ಬೀಗಿದೆ.

ಆ ಹಕ್ಕಿಯ ಬಣ್ಣ ಯಾವುದಿತ್ತು? ಎದೆಯ ಮೇಲೆ ಪಟ್ಟಿ ಇತ್ತೇ? ಕೊರಳಲ್ಲಿ ಏನಾದರೂ ಗುರುತು ಇತ್ತೇ? ನನಗೆ ಗೊತ್ತಿಲ್ಲ. ನಾನು ನೋಡಲೇ ಇಲ್ಲ. ಕೌಜುಗವೇ ಇದ್ದಿರಬಹುದು. ಆದರೆ ಖಾತ್ರಿಯಾಗಿ ಹೇಳಲಾರೆ. ಕಳೆದ ವರ್ಷ ನಮ್ಮ ಜೀವಶಾಸ್ತ್ರದ ಮೇಡಂ ಗ್ರಂಥಾಲಯದಿಂದ ತೆಗೆದುಕೊಟ್ಟ ಒಂದು ಪುಸ್ತಕ ಓದುವವರೆಗೆ ಇದು ನನಗೆ ದೊಡ್ಡ ವಿಷಯ ಅನ್ನಿಸಿರಲೂ ಇಲ್ಲ. ಅದು ಡಾ. ಸಲೀಂ ಅಲಿಯವರ ಆತ್ಮಕಥೆ, ‘ದಿ ಫಾಲ್ ಆಫ್ ಎ ಸ್ಪ್ಯಾರೋ’. ಅದರಲ್ಲೂ ಒಬ್ಬ ಹುಡುಗ ಹಕ್ಕಿ ಹೊಡೆಯುತ್ತಾನೆ. ಆದರೆ ಅವನು ನೋಡುತ್ತಾನೆ. ವ್ಯತ್ಯಾಸ ಅಷ್ಟೇ. ಆ ಒಂದು ವ್ಯತ್ಯಾಸದಿಂದ ಏನೆಲ್ಲ ಆಯಿತು ಎಂಬುದೇ ಅವರ ಜೀವನ.

ಸಲೀಂ ಅಲಿ ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬಯಿಯ ಸುಲೈಮಾನಿ ಬೋಹ್ರಾ ಕುಟುಂಬದಲ್ಲಿ. ಮನೆಯ ಮಕ್ಕಳಲ್ಲಿ ಎಲ್ಲರಿಗಿಂತ ಚಿಕ್ಕವರು. ಒಂದು ವರ್ಷದವರಾಗಿದ್ದಾಗ ತಂದೆ ತೀರಿಕೊಂಡರು, ಮೂರು ವರ್ಷಕ್ಕೆ ತಾಯಿಯೂ ಇಲ್ಲವಾದರು. ಆ ಯತೀಮ್ ಮಕ್ಕಳನ್ನು ಸಾಕಿದವರು ಮಾಮು ಅಮೀರುದ್ದೀನ್ ತ್ಯಾಬ್ಜಿ ಮತ್ತು ಅವರ ಪತ್ನಿ ಹಮೀದಾ ಬೇಗಂ. ಮಾಮುವಿಗೆ ಶಿಕಾರಿಯ ಹವ್ಯಾಸವಿತ್ತು. ಹುಡುಗನ ಕೈಗೂ ಆಟದ ಏರ್‌ಗನ್ ಬಂತು. ಗುಬ್ಬಿ ಹೊಡೆಯುವುದು ಅವನಿಗೆ ದಿನದ ಆಟವಾಯಿತು.

ಹತ್ತು ವರ್ಷದ ಆಸುಪಾಸಿನಲ್ಲಿ ಒಂದು ದಿನ ಅವನು ಹೊಡೆದ ಗುಬ್ಬಿಯ ಕೊರಳಲ್ಲಿ ಹಳದಿ ಬಣ್ಣದ ಮಚ್ಚೆ ಕಂಡಿತು. ಮನೆಗುಬ್ಬಿಗೆ ಹಾಗೆ ಇರುವುದಿಲ್ಲ. ಇದು ಗುಬ್ಬಿಯೇ ಅಲ್ಲವೇ, ತಿನ್ನುವುದು ಹಲಾಲೋ ಅಲ್ಲವೋ ಎಂಬ ಅನುಮಾನ ಬಂತು. ಅದನ್ನು ಮಾಮುವಿನ ಬಳಿಗೆ ಒಯ್ದ. ಮಾಮುವಿಗೂ ಗೊತ್ತಾಗಲಿಲ್ಲ. ಅವರು ಗದರಿಸಿ ಕಳುಹಿಸಬಹುದಿತ್ತು. ಆದರೆ ಒಂದು ಪತ್ರ ಬರೆದುಕೊಟ್ಟು ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು.

ಅಲ್ಲಿನ ಗೌರವ ಕಾರ್ಯದರ್ಶಿ ಡಬ್ಲ್ಯು. ಎಸ್. ಮಿಲಾರ್ಡ್ ಎಂಬ ಇಂಗ್ಲಿಷರು. ಬಾಗಿಲಲ್ಲಿ ನಿಂತಿದ್ದ ಅಂಜುಬುರುಕ ಹುಡುಗನನ್ನು ಅವರು ಒಳಗೆ ಕರೆದು, ಅದು ಹಳದಿ ಕೊರಳಿನ ಗುಬ್ಬಿ ಎಂದು ತಿಳಿಸಿಕೊಟ್ಟರು. ಬೀರುಗಳನ್ನು ತೆರೆದು, ಒಣಗಿಸಿ ಸಂರಕ್ಷಿಸಿಟ್ಟ ನೂರಾರು ಹಕ್ಕಿಗಳನ್ನು ತೋರಿಸಿದರು. ಓದಲು ಪುಸ್ತಕ ಕೊಟ್ಟರು. ಹಕ್ಕಿಯ ಚರ್ಮ ಸುಲಿದು ಕೆಡದಂತೆ ಇಡುವುದನ್ನು ಕಲಿಸುವ ಏರ್ಪಾಡನ್ನೂ ಮಾಡಿದರು. ಅಂದು ತೆರೆದ ಬಾಗಿಲಿನಿಂದ ಸಲೀಂ ಅಲಿ ಮುಂದೆ ಎಂಬತ್ತು ವರ್ಷ ಹೊರಗೆ ಬರಲೇ ಇಲ್ಲ.

ಗೆಳೆಯರೇ, ಪರೀಕ್ಷೆಯ ಭಯದಲ್ಲಿರುವ ನಮಗೆ ಅವರ ವಿದ್ಯಾಭ್ಯಾಸದ ಕಥೆ ತಿಳಿದಿರಬೇಕು. ಅವರು ತರಗತಿಯಲ್ಲಿ ಮೊದಲಿಗರಾಗಿರಲಿಲ್ಲ. ಬಾಲ್ಯದಲ್ಲಿ ತಲೆನೋವು ಪದೇ ಪದೇ ಕಾಡಿ ಶಾಲೆ ತಪ್ಪುತ್ತಿತ್ತು. 1913ರಲ್ಲಿ ಮೆಟ್ರಿಕ್ ಮುಗಿಸಿ ಸೇಂಟ್ ಝೇವಿಯರ್ಸ್ ಕಾಲೇಜು ಸೇರಿದರು. ಮೊದಲ ವರ್ಷವೇ ಕಷ್ಟವಾಗಿ ಕಾಲೇಜು ಬಿಟ್ಟು ಬರ್ಮಾದ ತವಾಯ್‌ಗೆ ಹೋದರು. ಅಲ್ಲಿ ಕುಟುಂಬಕ್ಕೆ ಟಂಗ್‌ಸ್ಟನ್ ಗಣಿ ಮತ್ತು ಮರದ ವ್ಯಾಪಾರವಿತ್ತು. ವ್ಯಾಪಾರ ಅವರಿಗೆ ಒಲಿಯಲಿಲ್ಲ, ಅಲ್ಲಿನ ಕಾಡು ಒಲಿಯಿತು. 1917ರಲ್ಲಿ ಮುಂಬಯಿಗೆ ಮರಳಿ ವಾಣಿಜ್ಯ ಓದಲು ಸೇರಿದರು. ಝೇವಿಯರ್ಸ್‌ನ ಫಾದರ್ ಬ್ಲಾಟರ್ ಅವರ ಮನಸ್ಸನ್ನು ಗುರುತಿಸಿ ಪ್ರಾಣಿಶಾಸ್ತ್ರದ ತರಗತಿಗೂ ಬರುವಂತೆ ಒತ್ತಾಯಿಸಿದರು. 1918ರಲ್ಲಿ ತೆಹ್ಮಿನಾ ಅವರೊಂದಿಗೆ ನಿಕಾಹ್ ಆಯಿತು.

ಪಕ್ಷಿತಜ್ಞನ ಸರ್ಕಾರಿ ಹುದ್ದೆಗೆ ಅರ್ಜಿ ಹಾಕಿದಾಗ ವಿಶ್ವವಿದ್ಯಾಲಯದ ಪದವಿ ಇಲ್ಲವೆಂಬ ಕಾರಣಕ್ಕೆ ಕೆಲಸ ಸಿಗಲಿಲ್ಲ. 1926ರಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ ಸಂದರ್ಶಕರಿಗೆ ವಿವರಿಸುವ ಕೆಲಸ ದೊರೆಯಿತು. ಆದರೆ ತನಗೆ ಗೊತ್ತಿರುವುದು ಸಾಲದು ಎಂದು ಅವರಿಗೇ ಅನ್ನಿಸಿತು. ರಜೆ ಹಾಕಿ ಜರ್ಮನಿಗೆ ಹೋದರು. ಬರ್ಲಿನ್‌ನಲ್ಲಿ ಎರ್ವಿನ್ ಸ್ಟ್ರೆಸೆಮಾನ್ ಎಂಬ ಮಹಾನ್ ಪಕ್ಷಿವಿಜ್ಞಾನಿಯ ಬಳಿ ಕಲಿತರು. ಕೊನೆಯವರೆಗೂ ಅವರನ್ನೇ ತನ್ನ ಗುರು ಎಂದು ನೆನೆಯುತ್ತಿದ್ದರು. 1930ರಲ್ಲಿ ಹಿಂತಿರುಗಿದಾಗ ಹಣವಿಲ್ಲವೆಂದು ಅವರ ಹುದ್ದೆಯನ್ನೇ ರದ್ದು ಮಾಡಲಾಗಿತ್ತು.

ವಯಸ್ಸು ಮೂವತ್ತಮೂರು ದಾಟಿದೆ, ಕೆಲಸವಿಲ್ಲ, ಪದವಿಯಿಲ್ಲ. ಮುಂಬಯಿಯಲ್ಲಿ ಮನೆ ನಡೆಸುವುದು ಕಷ್ಟವಾಗಿ ದಂಪತಿ ಸಮುದ್ರದ ಆಚೆ ದಡದ ಕಿಹೀಂ ಎಂಬ ಹಳ್ಳಿ ಸೇರಿದರು. ಅಲ್ಲಿ ಮನೆಯ ಬಳಿಯೇ ಗೀಜಗಗಳು ಗೂಡು ಕಟ್ಟುತ್ತಿದ್ದವು. ಮಾಡಲು ಬೇರೆ ಕೆಲಸವಿಲ್ಲದ ಆ ಮಳೆಗಾಲದಲ್ಲಿ ಸಲೀಂ ಅಲಿ ಕುಳಿತು ನೋಡಿದರು, ನೋಡಿದ್ದನ್ನೆಲ್ಲ ಬರೆದುಕೊಂಡರು. ಗಂಡು ಗೀಜಗ ಗೂಡನ್ನು ಅರ್ಧ ಕಟ್ಟಿ ನಿಲ್ಲಿಸುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಅದು ಪೂರ್ತಿಯಾಗುತ್ತದೆ. ಆ ಹೆಣ್ಣು ಮೊಟ್ಟೆಗೆ ಕೂತ ಮೇಲೆ ಗಂಡು ಇನ್ನೊಂದು ಗೂಡಿಗೆ ಕೈಹಾಕಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ನಮ್ಮ ಬಾವಿಗಳ ಮೇಲೆ ತಲೆತಲಾಂತರದಿಂದ ನೇತಾಡುತ್ತಿದ್ದ ಗೂಡುಗಳ ಈ ಗುಟ್ಟನ್ನು ಅವರು ಬರೆದು ಪ್ರಕಟಿಸಿದರು. ನಿರುದ್ಯೋಗಿಯ ಆ ಬರಹ ಅವರ ಹೆಸರನ್ನು ಹೊರದೇಶಗಳಿಗೂ ಮುಟ್ಟಿಸಿತು.

ಆಮೇಲೆ ಅವರು ಒಂದು ದಾರಿ ಕಂಡುಕೊಂಡರು. ದೇಶೀ ಸಂಸ್ಥಾನಗಳಲ್ಲಿ ಯಾವ ಯಾವ ಹಕ್ಕಿಗಳಿವೆ ಎಂದು ಯಾರೂ ಸರಿಯಾಗಿ ಲೆಕ್ಕ ಹಾಕಿರಲಿಲ್ಲ. ಖರ್ಚಿಗೆ ಹಣ ಕೊಟ್ಟರೆ ಸಾಕು, ಸಂಬಳ ಬೇಡ, ನಾನು ಸಮೀಕ್ಷೆ ಮಾಡಿಕೊಡುತ್ತೇನೆ ಎಂದು ಮುಂದೆ ಬಂದರು. 1931ರಲ್ಲಿ ಹೈದರಾಬಾದ್, 1933ರಲ್ಲಿ ತಿರುವಾಂಕೂರು ಮತ್ತು ಕೊಚ್ಚಿ. ಎತ್ತಿನ ಗಾಡಿ, ಡೇರೆ, ಲಾಟೀನು. ತೆಹ್ಮಿನಾ ಕೂಡ ಕಾಡಿನ ಬಿಡಾರಗಳಲ್ಲಿ ಜೊತೆಗಿದ್ದರು. 1939ರಲ್ಲಿ ಒಂದು ಚಿಕ್ಕ ಶಸ್ತ್ರಚಿಕಿತ್ಸೆಯ ನಂತರ ಆಕೆ ತೀರಿಕೊಂಡರು. ಅವರಿಗೆ ಮಕ್ಕಳಿರಲಿಲ್ಲ. ಅದೇ ಹೊತ್ತಿಗೆ ನಮ್ಮ ಮೈಸೂರು ಸಂಸ್ಥಾನದ ಸಮೀಕ್ಷೆಯ ಕೆಲಸ ಎದುರಿಗಿತ್ತು. ಆ ದುಃಖವನ್ನು ಹೊತ್ತುಕೊಂಡೇ ಅವರು ಮೈಸೂರಿನ ಕಾಡು, ಕೆರೆ, ಬಯಲುಗಳಲ್ಲಿ ನಡೆದರು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಸಾವಿರಾರು ಹಕ್ಕಿಗಳು ಮರಿ ಮಾಡುವುದನ್ನು ಕಂಡು, ಅದನ್ನು ಕಾಪಾಡಬೇಕೆಂದು ಅರಸರನ್ನು ಒಪ್ಪಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ನಾವು ಪ್ರವಾಸಕ್ಕೆ ಹೋಗಿ ದೋಣಿಯಲ್ಲಿ ಕುಳಿತು ಫೋಟೋ ತೆಗೆದುಕೊಳ್ಳುವ ಆ ಜಾಗದ ಹಿಂದೆ ಪತ್ನಿಯನ್ನು ಕಳೆದುಕೊಂಡ ಒಬ್ಬ ಮನುಷ್ಯನ ನಡಿಗೆಯಿದೆ.

ಈ ಎಲ್ಲ ಸಮೀಕ್ಷೆಗಳಲ್ಲೂ ಅವರಿಗೆ ಸಿಗದೇ ಹೋದ ಒಂದು ಹಕ್ಕಿಯಿದೆ. ಇಂಗ್ಲಿಷಿನಲ್ಲಿ ಜೆರ್ಡನ್ಸ್ ಕೋರ್ಸರ್. ತೆಲುಗಿನವರು ಅದನ್ನು ಕಲಿವಿ ಕೋಡಿ ಎನ್ನುತ್ತಾರೆ. ಕೋಡಿ ಎಂದರೆ ಕೋಳಿ, ಕಲಿವಿ ಎಂದರೆ ಒಂದು ಮುಳ್ಳುಪೊದೆ. ಮುಳ್ಳುಪೊದೆಯ ಕೆಳಗಿನ ಕೋಳಿ ಎಂದಂತೆ. ಸುಮಾರು 27 ಸೆಂಟಿಮೀಟರ್ ಉದ್ದ, ಮಣ್ಣಿನ ಬಣ್ಣ, ಎದೆಯ ಮೇಲೆ ಎರಡು ಕಂದು ಪಟ್ಟಿ, ಕೊರಳಲ್ಲಿ ಇಟ್ಟಿಗೆ ಬಣ್ಣದ ಮಚ್ಚೆ, ದೊಡ್ಡ ಕಣ್ಣುಗಳು. ಹಗಲಿಡೀ ಪೊದೆಯ ನೆರಳಲ್ಲಿ ಅಡಗಿದ್ದು ರಾತ್ರಿ ಹೊರಬಂದು ನೆಲದ ಮೇಲೆ ಹುಳು ಹುಪ್ಪಟೆ ಹೆಕ್ಕುತ್ತದೆ. ಮನುಷ್ಯನ ಸದ್ದು ಕೇಳಿದರೆ ಹಾರುವುದಕ್ಕಿಂತ ಓಡಿ ಮರೆಯಾಗುವುದೇ ಹೆಚ್ಚು. ಇಷ್ಟು ನಾಚಿಕೆಯ ಹಕ್ಕಿ ಲೋಕದಲ್ಲಿ ಪೂರ್ವ ಘಟ್ಟಗಳ ಕುರುಚಲು ಕಾಡಿನಲ್ಲಲ್ಲದೆ ಬೇರೆಲ್ಲೂ ಇಲ್ಲ. ನಮ್ಮ ನಂದಿಬೆಟ್ಟದ ಕಡೆ ಹುಟ್ಟಿ ಆಂಧ್ರಕ್ಕೆ ಹರಿಯುವ ಉತ್ತರ ಪಿನಾಕಿನಿ, ಅಂದರೆ ಪೆನ್ನಾರ್ ನದಿಯ ಕಣಿವೆ ಅದರ ಮುಖ್ಯ ನೆಲೆ.

ಸೇನೆಯ ವೈದ್ಯರಾಗಿದ್ದ ಥಾಮಸ್ ಜೆರ್ಡನ್ ಇದನ್ನು 1848ರ ಸುಮಾರಿಗೆ ಲೋಕಕ್ಕೆ ಪರಿಚಯಿಸಿದರು. 1900ರಲ್ಲಿ ಅನಂತಪುರದ ಬಳಿ ಒಬ್ಬರು ಕಂಡ ದಾಖಲೆಯಿದೆ. ಅಲ್ಲಿಂದಾಚೆಗೆ ಏನೂ ಇಲ್ಲ. ಸಲೀಂ ಅಲಿ ಬರ್ಮಾದಲ್ಲಿದ್ದಾಗ, ಬರ್ಲಿನ್‌ನಲ್ಲಿದ್ದಾಗ, ಹೈದರಾಬಾದಿನ ಕಾಡು ಸುತ್ತುತ್ತಿದ್ದಾಗ ಅದು ಎಲ್ಲೂ ಕಾಣಿಸಲಿಲ್ಲ. ಬಹಳ ಜನ ಅದು ಅಳಿದೇ ಹೋಯಿತು ಎಂದುಕೊಂಡರು.

ಈ ನಡುವೆ ಅವರ ಕೆಲಸ ಬೆಳೆಯುತ್ತಲೇ ಹೋಯಿತು. 1941ರಲ್ಲಿ ಬಂದ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’ ಸಾಮಾನ್ಯ ಓದುಗರ ಕೈಗೆ ಹಕ್ಕಿಗಳ ಹೆಸರನ್ನು ಕೊಟ್ಟಿತು. ಸ್ವಾತಂತ್ರ್ಯದ ನಂತರ ಹಣವಿಲ್ಲದೆ ಸೊರಗಿದ್ದ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಪ್ರಧಾನಿ ನೆಹರೂ ಅವರ ನೆರವು ಪಡೆದು ಉಳಿಸಿದರು. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡ ಮೇಲೆ, ವಲಸೆ ಹಕ್ಕಿಗಳು ಉಣ್ಣೆಗಳನ್ನು ಹೊತ್ತು ತರುತ್ತವೆಯೇ ಎಂದು ತಿಳಿಯಲು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕಾರ್ಯಕ್ರಮ ಅವರ ನೇತೃತ್ವದಲ್ಲಿ ನಡೆಯಿತು. ಅಮೆರಿಕದ ಡಿಲ್ಲನ್ ರಿಪ್ಲೆ ಅವರೊಂದಿಗೆ ಭಾರತ ಉಪಖಂಡದ ಹಕ್ಕಿಗಳ ಬಗ್ಗೆ ಹತ್ತು ಸಂಪುಟಗಳನ್ನು ಬರೆದರು. ಕೊನೆಯ ಸಂಪುಟ 1974ರಲ್ಲಿ ಬಂದಾಗ ಅವರಿಗೆ ಎಪ್ಪತ್ತೇಳು ದಾಟಿತ್ತು. ಭರತಪುರದ ಜೌಗು ನೆಲವನ್ನೂ ಕೇರಳದ ಸೈಲೆಂಟ್ ವ್ಯಾಲಿಯನ್ನೂ ಉಳಿಸಲು ದನಿ ಎತ್ತಿದರು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ, 1985ರಲ್ಲಿ ರಾಜ್ಯಸಭೆಯ ನಾಮನಿರ್ದೇಶನ. ಪದವಿಯಿಲ್ಲವೆಂದು ಕೆಲಸ ಸಿಗದ ಮನುಷ್ಯನಿಗೆ ವಿಶ್ವವಿದ್ಯಾಲಯಗಳೇ ಗೌರವ ಡಾಕ್ಟರೇಟ್ ಕೊಟ್ಟವು.

ಅವರನ್ನು ಎಂದೂ ಬಂದೂಕು ಮುಟ್ಟದ ಸಂತನಂತೆ ಚಿತ್ರಿಸುವುದು ಸರಿಯಲ್ಲ. ವಿಜ್ಞಾನಕ್ಕೆ ಮಾದರಿ ಬೇಕಾದಾಗ ಅವರು ಹಕ್ಕಿಗಳನ್ನು ಹೊಡೆದು ಸಂಗ್ರಹಿಸಿದ್ದಾರೆ, ಅದನ್ನು ಮುಚ್ಚಿಟ್ಟಿಲ್ಲ. ಆದರೆ ಕೈಗೆ ಬಂದ ಪ್ರತಿಯೊಂದನ್ನೂ ಅಳೆದರು, ಬರೆದರು, ಹೆಸರಿಟ್ಟು ಕಾಪಾಡಿದರು. ನಾನು ತಿಂದ ಹಕ್ಕಿಗೆ ಅಷ್ಟು ಮರ್ಯಾದೆಯೂ ಸಿಗಲಿಲ್ಲ.

ಕಾಣೆಯಾದ ಹಕ್ಕಿಗಳನ್ನು ಹುಡುಕುವ ಆಸೆ ಅವರನ್ನು ಬಿಡಲಿಲ್ಲ. 1980ರ ದಶಕದಲ್ಲಿ ಅವರ ಸೊಸೈಟಿ ಕಲಿವಿ ಕೋಡಿಯ ಹುಡುಕಾಟಕ್ಕೆ ಕೈಹಾಕಿತು. ಯುವ ವಿಜ್ಞಾನಿ ಭರತ್ ಭೂಷಣ್ ಕಡಪ ಜಿಲ್ಲೆಯ ಹಳ್ಳಿಗಳಲ್ಲಿ ಹಕ್ಕಿಯ ಚಿತ್ರ ಹಿಡಿದು ಅಲೆದರು. ಕಾಡನ್ನು ಅಂಗೈಯಂತೆ ಬಲ್ಲ ಬೇಟೆಗಾರರನ್ನು, ಕುರಿಗಾಹಿಗಳನ್ನು ವಿಚಾರಿಸಿದರು. 1986ರ ಜನವರಿಯಲ್ಲಿ ಒಂದು ರಾತ್ರಿ ಸಿದ್ಧವಟಂ ಸೀಮೆಯ ರೆಡ್ಡಿಪಲ್ಲಿ ಬಳಿ ಊರಿನ ಒಬ್ಬ ಬೇಟೆಗಾರನ ಟಾರ್ಚಿನ ಬೆಳಕಿಗೆ ಅದು ಸಿಕ್ಕಿತು. ಎದೆಯಲ್ಲಿ ಎರಡು ಪಟ್ಟಿ, ಕೊರಳಲ್ಲಿ ಆ ಮಚ್ಚೆ. ಎಂಬತ್ತಾರು ವರ್ಷ ವಿಜ್ಞಾನಿಗಳ ಕಣ್ಣಿಗೆ ಬೀಳದ ಹಕ್ಕಿಯನ್ನು ಹುಡುಕಿಕೊಟ್ಟದ್ದು, ಶಾಲೆಯಲ್ಲಿ ಪಕ್ಷಿಶಾಸ್ತ್ರ ಓದದ ಒಬ್ಬ ಹಳ್ಳಿಗ.

ಆಗ ಸಲೀಂ ಅಲಿಯವರಿಗೆ ಎಂಬತ್ತೊಂಬತ್ತು ವರ್ಷ. ಕೊರಳಿನ ಮಚ್ಚೆ ನೋಡಿ ಶುರುವಾದ ಬದುಕಿಗೆ, ಕೊರಳಿನ ಮಚ್ಚೆಯಿಂದಲೇ ಗುರುತಾದ ಇನ್ನೊಂದು ಹಕ್ಕಿಯ ಸುದ್ದಿ ಕೊನೆಗಾಲದಲ್ಲಿ ಬಂದು ಮುಟ್ಟಿತು. 1987ರ ಜೂನ್ 20ರಂದು ಅವರು ಮುಂಬಯಿಯಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಅಲ್ಲಾಹನು ಅವರಿಗೆ ಮಗ್ಫಿರತ್ ನೀಡಲಿ.

ಹಕ್ಕಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದಕ್ಕಾಗಿ ಕಡಪದಲ್ಲಿ ಶ್ರೀ ಲಂಕಮಲ್ಲೇಶ್ವರ ಅಭಯಾರಣ್ಯವಾಯಿತು. ಕಾಣದ ಹಕ್ಕಿಯನ್ನು ಎಣಿಸಲು ವಿಜ್ಞಾನಿಗಳು ಪೊದೆಗಳ ನಡುವೆ ನುಣ್ಣನೆಯ ಮಣ್ಣು ಹರವಿ, ಬೆಳಿಗ್ಗೆ ಹೆಜ್ಜೆ ಗುರುತು ಹುಡುಕಿದರು. ತಾನೇ ಚಿತ್ರ ತೆಗೆಯುವ ಕ್ಯಾಮೆರಾ ಇಟ್ಟರು. ಅದರ ಕೂಗನ್ನು ಧ್ವನಿಮುದ್ರಿಸಿ ರಾತ್ರಿ ಹಾಕಿ ಉತ್ತರಕ್ಕೆ ಕಾದರು. ಇದರಿಂದ ತಿಳಿದದ್ದೇನೆಂದರೆ, ಈ ಹಕ್ಕಿಗೆ ಪೊದೆಗಳು ತೀರಾ ಒತ್ತಾಗಿಯೂ ಇರಬಾರದು, ತೀರಾ ಬಯಲೂ ಆಗಬಾರದು. ಓಡಾಡಲು ಜಾಗ ಬೇಕು, ಅಡಗಲು ಮರೆಯೂ ಬೇಕು. ಸೌದೆಗೆ ಪೊದೆ ಕಡಿದರೆ, ಮಿತಿಮೀರಿ ಮೇಯಿಸಿದರೆ, ಜೆಸಿಬಿ ತಂದು ನೆಲ ಮಟ್ಟ ಮಾಡಿದರೆ ಅದಕ್ಕೆ ನೆಲೆಯಿಲ್ಲ. 2005ರಲ್ಲಿ ತೆಲುಗು ಗಂಗಾ ಕಾಲುವೆಯ ಅಗೆತ ಅದರ ನೆಲೆಗೇ ನುಗ್ಗಿತ್ತು. ಪಕ್ಷಿಪ್ರೇಮಿಗಳು ಎಚ್ಚರಿಸಿದ ಮೇಲೆ ಕೆಲಸ ನಿಂತು ಕಾಲುವೆಯ ದಾರಿ ಬದಲಾಯಿತು. ಇಂದಿಗೂ ಅದು ಜಗತ್ತಿನ ಅತ್ಯಂತ ಅಪಾಯದಲ್ಲಿರುವ ಹಕ್ಕಿಗಳಲ್ಲಿ ಒಂದು. ಉಳಿದಿರುವವು ಹೆಚ್ಚೆಂದರೆ ಕೆಲವು ನೂರು ಎಂದು ಅಂದಾಜು.

ಇನ್ನೊಂದು ಸಂಗತಿ ಓದಿದಾಗ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. 2013ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿದ್ದ ಒಂದು ಮೊಟ್ಟೆ ಈ ಹಕ್ಕಿಯದೇ ಎಂದು ಡಿಎನ್‌ಎ ಪರೀಕ್ಷೆಯಿಂದ ಖಚಿತವಾಯಿತು. ಅದನ್ನು 1917ರಲ್ಲಿ ಸಂಗ್ರಹಿಸಿದವರು ನಮ್ಮ ಕೋಲಾರ ಚಿನ್ನದ ಗಣಿಯಲ್ಲಿ ಪಶುವೈದ್ಯರಾಗಿದ್ದವರು! ನಾನಿಯ ಊರಿನಿಂದ ಕೆಜಿಎಫ್ ಎಷ್ಟು ದೂರ? ಬಸ್ಸಿನಲ್ಲಿ ಸ್ವಲ್ಪ ಹೊತ್ತಿನ ದಾರಿ. ನಾನು ಹೊಡೆದದ್ದು ಆ ಹಕ್ಕಿ ಎಂದು ನಾನು ಹೇಳುತ್ತಿಲ್ಲ. ಅಲ್ಲವೆಂದು ಹೇಳಲು ನನ್ನ ಬಳಿ ಏನೂ ಇಲ್ಲ ಎಂಬುದೇ ನನ್ನ ನಾಚಿಕೆ.

ಕಳೆದ ರಂಜಾನ್ ಹಬ್ಬಕ್ಕೆ ಹೋದಾಗ ಮಾಮುವಿಗೆ ಮೊಬೈಲ್‌ನಲ್ಲಿ ಆ ಹಕ್ಕಿಯ ಚಿತ್ರ ತೋರಿಸಿದೆ. ಬಹಳ ಹೊತ್ತು ನೋಡಿದರು. ಇಂಥದ್ದನ್ನು ಕಂಡ ನೆನಪಿಲ್ಲ ಎಂದರು. ಆದರೆ ಕೌಜುಗ ಯಾವ ಪೊದೆಯಡಿ ಮೊಟ್ಟೆ ಇಡುತ್ತದೆ, ಯಾವ ತಿಂಗಳಲ್ಲಿ ಮರಿ ಹೊರಡುತ್ತದೆ, ನತ್ತಿಂಗ ಹಕ್ಕಿ ಸಂಜೆ ಎಲ್ಲಿ ಕೂರುತ್ತದೆ ಎಂದು ಒಂದೊಂದಾಗಿ ಹೇಳತೊಡಗಿದರು. ನಾನು ಬರೆದುಕೊಂಡೆ, ನಾಲ್ಕು ಪುಟ ತುಂಬಿತು. ಕಡಪದ ಬೇಟೆಗಾರನ ವಿಷಯ ಹೇಳಿದಾಗ ಅವರು ಸುಮ್ಮನಾದರು. ಹಕ್ಕಿ ಹೊಡೆಯುವುದು ಕಾನೂನಿನ ಪ್ರಕಾರ ಅಪರಾಧ ಎಂದು ಮೊದಲೇ ಹೇಳಿದ್ದೆ. ಆಗ ಅದು ಕಿವಿಗೆ ಹೋಗಿರಲಿಲ್ಲ. ಈ ಸಲ ಕ್ಯಾಟರ್‌ಬಿಲ್ಲನ್ನು ಅವರೇ ಅಟ್ಟಕ್ಕೆ ಹಾಕಿದರು.

ಆ ಗೋಮಾಳದ ಗುಡ್ಡದ ಒಂದು ಬದಿಯಲ್ಲಿ ಈಗ ಕಲ್ಲು ನೆಟ್ಟು ಅಳತೆ ಮಾಡಿದ್ದಾರೆ. ಊರವರಿಗೆ ಅದು ಏನೂ ಬೆಳೆಯದ ಪಾಳುಭೂಮಿ. ಅಲ್ಲಿ ಯಾವ ಹಕ್ಕಿ ಇದೆ ಎಂದು ಬರೆದಿಟ್ಟವರಿಲ್ಲದಿದ್ದರೆ, ನಾಳೆ ಅದು ಹೋದಾಗ ಏನು ಹೋಯಿತು ಎಂದು ಹೇಳುವವರೂ ಇರುವುದಿಲ್ಲ. ಪದವಿ ಬೇಕಿಲ್ಲ, ದುಬಾರಿ ಕ್ಯಾಮೆರಾ ಬೇಕಿಲ್ಲ. ಹತ್ತು ವರ್ಷದ ಸಲೀಂನ ಬಳಿ ಇದ್ದದ್ದು ಒಂದು ಅನುಮಾನ ಮತ್ತು ಅದನ್ನು ಕೇಳುವ ಧೈರ್ಯ.

ಜೀವಶಾಸ್ತ್ರದ ಮೇಡಂ ಅನುಮತಿ ಕೊಟ್ಟಿದ್ದಾರೆ. ಪ್ರತಿ ಭಾನುವಾರ ಫಜ್ರ್ ನಮಾಜ್ ಆದ ಮೇಲೆ ಆರೂವರೆಗೆ ಕಾಲೇಜು ಗೇಟಿನ ಬಳಿ ಸೇರೋಣ. ಒಂದು ನೋಟ್‌ಬುಕ್, ಒಂದು ಪೆನ್ ತನ್ನಿ. ಮೊದಲ ಭಾನುವಾರ ನಾವು ಮೂರೇ ಜನ ಇದ್ದೆವು, ಹನ್ನೊಂದು ಬಗೆಯ ಹಕ್ಕಿ ಬರೆದೆವು. ಅದರಲ್ಲಿ ಎರಡರ ಹೆಸರು ಇನ್ನೂ ಗೊತ್ತಾಗಿಲ್ಲ. ಗೊತ್ತಿದ್ದವರು ಬಂದು ಹೇಳಿಕೊಡಿ.